ವಜ್ರಕ್ಕಿಂತ ಮೊದಲು ಕೇಕ್

ಬೇಸಿಗೆ ರಜೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಗಳಿಗೆ ಮೈನ್‌ಕ್ರಾಫ್ಟ್ ಕೊಡಿಸಿದ್ದೇವೆ, ಮೊದಲ ರಾತ್ರಿ ದಾಟುವುದಕ್ಕೇ ಆಗುತ್ತಿಲ್ಲ, ಎಲ್ಲಿಂದ ಶುರು ಮಾಡಬೇಕು ಹೇಳಿ ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ರೆಡ್‌ಸ್ಟೋನ್ ಬಾಗಿಲಿನ ಎರಡನೇ ಕಂತಿಗೆ ಕಾದಿರುವ ಹಳಬರು ಇನ್ನೊಂದು ವಾರ ತಡೆದುಕೊಳ್ಳಬೇಕು. ಈ ವಾರ ಹೊಸಬರದು. ಮೊದಲ ಪಿಕಾಸಿಯಿಂದ ಮೊದಲ ವಜ್ರದವರೆಗಿನ ದಾರಿಯನ್ನು ಬರೆಯೋಣವೆಂದು ಕೂತಿದ್ದೇನೆ.

ಪಿಕಾಸಿಯ ಮಾತು ಬೇಗ ಮುಗಿಯುತ್ತದೆ. ಆಟದ ಒಂದು ದಿನವೆಂದರೆ ನಮ್ಮ 20 ನಿಮಿಷ, ಅದರಲ್ಲಿ ಹಗಲು 10 ನಿಮಿಷ. ಅಷ್ಟರೊಳಗೆ ಮರ ಕಡಿದು, ಹಲಗೆ ಮಾಡಿ, ಕ್ರಾಫ್ಟಿಂಗ್ ಟೇಬಲ್ ಇಟ್ಟು, ಮರದ ಪಿಕಾಸಿಯೊಂದನ್ನು ಮಾಡಿಕೊಳ್ಳಿ. ಮರದ ಕತ್ತಿ, ಮರದ ಸಲಿಕೆ, ಮರದ ಕೊಡಲಿ ಯಾವುದೂ ಬೇಡ. ಆ ಮರದ ಪಿಕಾಸಿಗೆ ಇರುವುದು ಒಂದೇ ಕೆಲಸ, 11 ಕಲ್ಲು ಕಿತ್ತು ತರುವುದು. ಮೂರು ಕಲ್ಲಿನ ಪಿಕಾಸಿಗೆ, ಎಂಟು ಕುಲುಮೆಗೆ. ಮರದ್ದು 59 ಬ್ಲಾಕ್ ಒಡೆಯುವಷ್ಟರಲ್ಲಿ ಮುಗಿದುಹೋಗುತ್ತದೆ, ಕಲ್ಲಿನದು 131ರವರೆಗೆ ಬಾಳುತ್ತದೆ. ಸುತ್ತಮುತ್ತ ಕಲ್ಲಿದ್ದಲು ಕಾಣದಿದ್ದರೆ ಹುಡುಕುತ್ತಾ ಅಲೆಯಬೇಡಿ. ಕುಲುಮೆಯ ಮೇಲಿನ ಮನೆಯಲ್ಲಿ ಮರದ ದಿಮ್ಮಿ, ಕೆಳಗಿನದರಲ್ಲಿ ಹಲಗೆ ಇಡಿ, ಇದ್ದಿಲು ಸಿಗುತ್ತದೆ. ಒಂದು ಇದ್ದಿಲು, ಒಂದು ಕೋಲು ಸೇರಿದರೆ ನಾಲ್ಕು ಪಂಜು. ಗುಡ್ಡದ ಬದಿಯನ್ನು ಕೊರೆದು ಒಳಗೆ ಹೋಗಿ, ಬಾಯನ್ನು ಕಲ್ಲಿನಿಂದ ಮುಚ್ಚಿ, ಪಂಜು ಹಚ್ಚಿದರೆ ಮೊದಲ ರಾತ್ರಿ ದಾಟಿದಂತೆಯೇ.

ಆ ರಾತ್ರಿ ಸುಮ್ಮನೆ ಕೂರಬಾರದು ಎನ್ನುವುದೂ ಮುಖ್ಯ. ಈ ಆಟಕ್ಕೆ ಹಾಸಿಗೆ ಬಂದದ್ದು 2011ರ ಫೆಬ್ರವರಿಯಲ್ಲಿ. ಅದಕ್ಕಿಂತ ಮುಂಚೆ ಆಡಿದವರಿಗೆ ರಾತ್ರಿಯನ್ನು ಹಾರಿಸಿಬಿಡುವ ಉಪಾಯವೇ ಇರಲಿಲ್ಲ. ಹೊರಗೆ ಕ್ರೀಪರ್, ಅಸ್ಥಿಪಂಜರಗಳ ಕಾಟ, ಹಾಗಾಗಿ ಒಳಗೇ ಅಗೆಯುತ್ತಾ ಹೋಗಬೇಕು. ಗಣಿ ಕೆಲಸವನ್ನು ಅವರು ಕಲಿತದ್ದು ಹೀಗೆ, ಇಕ್ಕಟ್ಟಿನಲ್ಲಿ. ಈಗಲೂ ಮೊದಲ ಒಂದೆರಡು ರಾತ್ರಿ ಹಾಸಿಗೆಯ ಆಸೆ ಬಿಟ್ಟು ಅಗೆಯುವುದೇ ಒಳ್ಳೆಯದು. ಮೂರು ದಿನ ನಿದ್ದೆಗೆಟ್ಟರೆ ಮಾತ್ರ ಆಕಾಶದಿಂದ ಫ್ಯಾಂಟಮ್‌ಗಳು ಎರಗುತ್ತವೆ. ಅಷ್ಟರಲ್ಲಿ ಹಾಸಿಗೆಗೆಂದು ಮೂರು ಕುರಿಗಳ ಉಣ್ಣೆ ಜೋಡಿಸಿಕೊಂಡಿರಬೇಕು.

ಇನ್ನು ನನಗೆ ಪ್ರಾಣವಾದ ವಿಷಯಕ್ಕೆ ಬರುತ್ತೇನೆ. ಕ್ರಾಫ್ಟಿಂಗ್ ಟೇಬಲ್‌ನ ಒಂಬತ್ತು ಮನೆಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಮೇಲಿನ ಸಾಲಿನಲ್ಲಿ ಮೂರು ಕಲ್ಲು, ನಡುವೆ ಒಂದರ ಕೆಳಗೊಂದು ಎರಡು ಕೋಲು: ಪಿಕಾಸಿಯ ಚಿತ್ರ ಕಣ್ಣೆದುರಿಗೇ ಇದೆ. ಒಂದು ಕಲ್ಲಿನ ಕೆಳಗೆ ಎರಡು ಕೋಲು ಸಲಿಕೆ. ಎರಡು ಕಲ್ಲಿನ ಕೆಳಗೆ ಒಂದು ಕೋಲು ಕತ್ತಿ. ಎರಡು ಕಂಬ ಸಾಲು ಹಲಗೆ ಇಟ್ಟರೆ ಬಾಗಿಲು, ಮೆಟ್ಟಿಲಾಗಿ ಇಟ್ಟರೆ ಮೆಟ್ಟಿಲು. ಎಡಬಲಕ್ಕೆ ಒಂದೊಂದು ಕಬ್ಬಿಣದ ಗಟ್ಟಿ, ಅವುಗಳ ನಡುವೆ ಒಂದು ಮನೆ ಕೆಳಗೆ ಮತ್ತೊಂದು ಇಟ್ಟರೆ ಬಕೆಟ್. ನಾಲ್ಕೈದು ಚಿತ್ರ ಕೈಗೆ ಹತ್ತಿದರೆ ಉಳಿದ ಎಷ್ಟನ್ನೋ ಮಕ್ಕಳು ತಾವೇ ಊಹಿಸುತ್ತಾರೆ. ದೋಣಿ ಹೇಗಿರುತ್ತದೆ ಎಂದು ಯೋಚಿಸಿ ಐದು ಹಲಗೆಗಳನ್ನು ಬಾಗಿಸಿ ಇಟ್ಟ ಹುಡುಗಿಗೆ ದೋಣಿ ಸಿಕ್ಕಾಗ ಆಗುವ ಹಿಗ್ಗು ಬೇರೆ ಯಾವ ಆಟದಲ್ಲೂ ಸಿಗುವಂಥದ್ದಲ್ಲ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇನಲ್ಲಿ ಆಟವನ್ನು ಮೊದಲು ಹೊರಬಿಟ್ಟಾಗ ಇದು ಇರಲಿಲ್ಲ. ಬ್ಲಾಕ್ ಇಡುವುದು, ಬ್ಲಾಕ್ ಒಡೆಯುವುದು, ಅಷ್ಟೇ. ಬ್ಲಾಕ್‌ಗಳ ಲೋಕದ ಕಲ್ಪನೆಯಂತೂ ಜಾಕರಿ ಬಾರ್ತ್ ಅವರ ಇನ್ಫಿನಿಮೈನರ್‌ನಿಂದ ಬಂದದ್ದೆಂದು ಪರ್ಸನ್ ಎಂದೂ ಮುಚ್ಚಿಟ್ಟವರಲ್ಲ. 2010ರ ಆರಂಭದಲ್ಲಿ ಒಂಬತ್ತು ಮನೆ ಬಂದ ಮೇಲೆಯೇ ಇದು ಇನ್ನೊಂದರ ನೆರಳಾಗಿ ಉಳಿಯದೆ ತನ್ನದೇ ಆಟವಾಯಿತು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದಲೇ 2017ರ ಜೂನಿನಲ್ಲಿ ಬಂದ 1.12 ಆವೃತ್ತಿಯ ಮೇಲೆ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಟೇಬಲ್‌ನ ಪಕ್ಕದಲ್ಲೇ ಒಂದು ಹಸಿರು ಪುಸ್ತಕ ಬಂದು ಕೂತಿತು. ಬೇಕಾದ ವಸ್ತುವಿನ ಮೇಲೆ ಒತ್ತಿದರೆ ಸಾಮಾನುಗಳೆಲ್ಲ ತಾವಾಗಿ ಮನೆಗಳಿಗೆ ಹೋಗಿ ಕೂರುತ್ತವೆ. ದೊಡ್ಡ ಕಟ್ಟಡ ಕಟ್ಟುತ್ತಾ ನೂರಾರು ಮೆಟ್ಟಿಲು ಮಾಡುವವರಿಗೆ ಇದು ಉಪಕಾರವೇ, ಅದನ್ನು ಒಪ್ಪುತ್ತೇನೆ. ಹೊಸಬರಿಗೆ ಮಾತ್ರ ಅದು ಕಲಿಕೆಯ ರುಚಿಯನ್ನೇ ಕಿತ್ತುಕೊಳ್ಳುತ್ತದೆ. ಮೊದಲ ವಾರ ಆ ಪುಸ್ತಕ ಮುಚ್ಚಿರಲಿ. ಮಗು ಕೇಳಿದರೆ ಚಿತ್ರ ಹೇಳಿಕೊಡಿ, ಇಡುವುದು ಅದರ ಕೈಯೇ ಆಗಿರಲಿ.

ಅದೇ ಆವೃತ್ತಿ ಇನ್ನೂ ದೊಡ್ಡದೊಂದನ್ನು ಕಿತ್ತುಹಾಕಿತು. ಹೊಸಬರಿಗೆಂದು ಯಾರೇ ಎಷ್ಟೇ ಸಲಹೆ ಬರೆದಿರಲಿ, ನಾನು ಅತ್ಯುತ್ತಮ ಪಾಠವೆನ್ನುವುದು 2011ರಲ್ಲಿ ಆಟದೊಳಗೇ ಬಂದ ಸಾಧನೆಗಳ ಮರವನ್ನು. ಬೇರಿನಲ್ಲಿ ಇದ್ದದ್ದು ಚೀಲ ತೆರೆದು ನೋಡುವುದು. ಅಲ್ಲಿಂದ ಮರ ಕಡಿಯುವುದು, ಅಲ್ಲಿಂದ ಕ್ರಾಫ್ಟಿಂಗ್ ಟೇಬಲ್. ಟೇಬಲ್ ಆದ ಮೇಲೆ ಮರ ಕವಲೊಡೆಯುತ್ತಿತ್ತು. ಪಿಕಾಸಿಯ ಕೊಂಬೆ ಕುಲುಮೆಗೆ, ಕಬ್ಬಿಣಕ್ಕೆ, ಮುಂದೆ ವಜ್ರಕ್ಕೆ ಹೋಗುತ್ತಿತ್ತು. ಕಬ್ಬಿಣದಿಂದಲೇ ಇನ್ನೊಂದು ರೆಂಬೆ, ಹಳಿ ಹಾಸಿ ಗಾಡಿಯಲ್ಲಿ ಒಂದು ಕಿಲೋಮೀಟರ್ ಹೋಗುವುದು. ಕತ್ತಿಯ ಕೊಂಬೆ ಬೇಟೆಗೆ. ಮೂರನೆಯದು ಗುದ್ದಲಿಯ ಕೊಂಬೆ, ಅದರ ತುದಿಯಲ್ಲಿ ಒಂದು ಕಡೆ ಬ್ರೆಡ್, ಇನ್ನೊಂದು ಕಡೆ ಕೇಕ್. ಯಾವುದನ್ನೂ ಹೀಗೇ ಮಾಡಿ ಎಂದು ಆ ಮರ ಹೇಳುತ್ತಿರಲಿಲ್ಲ. ಒಂದಾದ ಮೇಲೆ ಯಾವುದು ಸಾಧ್ಯ ಎಂಬುದನ್ನಷ್ಟೇ ತೋರಿಸಿ ಸುಮ್ಮನಾಗುತ್ತಿತ್ತು. ಜಾವಾ ಆವೃತ್ತಿಯಲ್ಲಿ ಅದರ ಜಾಗಕ್ಕೆ ಬಂದ ಹೊಸ ಪಟ್ಟಿ ಅಚ್ಚುಕಟ್ಟಾಗಿದೆ, ಆದರೆ ಮುಖ್ಯ ಪುಟ ಕಲ್ಲು, ಕಬ್ಬಿಣ, ವಜ್ರ ಎಂದು ನೆಲದಡಿಗೇ ಎಳೆದೊಯ್ಯುತ್ತದೆ. ಬೇಸಾಯಕ್ಕೆ ಬೇರೆ ಪುಟ. ಕೇಕ್ ಮಾಡಿದವರಿಗೆ ಅಲ್ಲಿ ಮನ್ನಣೆಯೇ ಇಲ್ಲ. ಫೋನ್, ಕನ್ಸೋಲ್‌ಗಳ ಬೆಡ್‌ರಾಕ್ ಆವೃತ್ತಿಯಲ್ಲಿ ಆ ಹಳೆಯ ಸಾಧನೆ ಉಳಿದಿದೆ, ಅದೊಂದು ಸಮಾಧಾನ.

ವಜ್ರದ ದಾರಿ ಬರೆಯುತ್ತೇನೆಂದು ಹೊರಟವನು ಕೇಕ್‌ಗೆ ಬಂದು ನಿಂತಿದ್ದೇನೆ. ಇಲ್ಲೇ ನಿಲ್ಲುತ್ತೇನೆ, ಹೇಳಬೇಕಾದದ್ದು ಇಲ್ಲೇ ಇದೆ.

ಕೇಕ್‌ಗೆ ಒಂಬತ್ತು ಮನೆಗಳೂ ಬೇಕು. ಕೆಳಗಿನ ಸಾಲಿನಲ್ಲಿ ಮೂರು ಗೋಧಿ. ನಡುವಿನ ಸಾಲಿನಲ್ಲಿ ಸಕ್ಕರೆ, ಮೊಟ್ಟೆ, ಸಕ್ಕರೆ. ಮೇಲೆ ಮೂರು ಬಕೆಟ್ ಹಾಲು. ಕೇಕನ್ನು ಕೊಯ್ದು ಪಕ್ಕದಿಂದ ನೋಡಿದಂತೆ ಪದರ ಪದರವಾಗಿ ಕಾಣುತ್ತದೆ. ಕೇಕ್ ಕೈಗೆ ಬಂದ ಮೇಲೆ ಖಾಲಿ ಬಕೆಟ್‌ಗಳು ಮೂರೂ ಅಲ್ಲೇ ಉಳಿದಿರುತ್ತವೆ. ಈ ಪದರಗಳನ್ನು ತುಂಬಲು ಹೊಸಬರು ಏನೇನು ಕಲಿಯಬೇಕು ನೋಡಿ. ಮೂರು ಬಕೆಟ್ ಅಂದರೆ ಒಂಬತ್ತು ಕಬ್ಬಿಣದ ಗಟ್ಟಿ, ಅಂದರೆ ಕಲ್ಲಿನ ಪಿಕಾಸಿ, ಗುಹೆ, ಪಂಜು, ಕುಲುಮೆ, ಇದ್ದಿಲು ಎಲ್ಲವೂ. ಗುಹೆಗೆ ಇಳಿಯುವಾಗ ಪಂಜುಗಳನ್ನು ಎಡಗಡೆಯ ಗೋಡೆಗೇ ಹಚ್ಚುತ್ತಾ ಹೋಗಿ, ವಾಪಸ್ ಬರುವಾಗ ಅವು ಬಲಗಡೆ ಇದ್ದರೆ ದಾರಿ ಸರಿಯಿದೆಯೆಂದು ಅರ್ಥ. 1.18ರಿಂದ ಈಚೆಗೆ ಪೂರ್ತಿ ಕತ್ತಲಿದ್ದಲ್ಲಿ ಮಾತ್ರ ರಾಕ್ಷಸರು ಹುಟ್ಟುತ್ತಾರೆ, ಹಾಗಾಗಿ ಹಳೆಯ ಕಾಲದಷ್ಟು ಒತ್ತೊತ್ತಾಗಿ ಪಂಜು ಬೇಕಿಲ್ಲ.

ಗೋಧಿಗೆ ಹುಲ್ಲು ಒಡೆದು ಬೀಜ ಆರಿಸಬೇಕು, ಗುದ್ದಲಿಯಿಂದ ನೆಲ ಹದ ಮಾಡಬೇಕು. ಒಂದು ಗುಂಡಿ ನೀರು ಸುತ್ತಲೂ ನಾಲ್ಕು ಬ್ಲಾಕ್‌ವರೆಗೆ ತೇವ ಹಿಡಿಸುತ್ತದೆ, ಅಂದರೆ ನಡುವೆ ನೀರಿಟ್ಟ 9ಕ್ಕೆ 9ರ ಪಾತಿ. ಒಂದು ಪಂಜು ನಿಲ್ಲಿಸಿದರೆ ರಾತ್ರಿಯೂ ಬೆಳೆಯುತ್ತದೆ. ಉತ್ತ ನೆಲದ ಮೇಲೆ ಕುಣಿಯಬೇಡಿ, ಪೈರು ಹಾಳಾಗುತ್ತದೆ. ಪೈರು ಹೊಂಬಣ್ಣಕ್ಕೆ ತಿರುಗುವ ಮೊದಲೇ ಕಿತ್ತರೆ ಬೀಜವಷ್ಟೇ ಸಿಗುತ್ತದೆ. ಕಬ್ಬು ನೀರಿನ ಅಂಚಿನಲ್ಲಿ ಮಾತ್ರ ಬೆಳೆಯುವುದು. ಬುಡದ ಬ್ಲಾಕನ್ನು ಬಿಟ್ಟು ಮೇಲಿನದನ್ನು ಕೊಯ್ದರೆ ಅದೇ ಮತ್ತೆ ಚಿಗುರುತ್ತದೆ. ಕೋಳಿ ಐದರಿಂದ ಹತ್ತು ನಿಮಿಷಕ್ಕೊಂದು ಮೊಟ್ಟೆ ಇಡುತ್ತದೆ. ಮೊಟ್ಟೆಯನ್ನು ನೆಲಕ್ಕೆ ಎಸೆದರೆ ಎಂಟರಲ್ಲೊಂದು ಮರಿಯಾಗುವ ಸಂಭವವಿದೆ, ಕೋಳಿ ಒಂದೇ ಇದ್ದರೆ ಹಾಗೆ ಹೆಚ್ಚಿಸಿಕೊಳ್ಳಬಹುದು. ಹಸುವಿಗೆ ಗೋಧಿ ತೋರಿಸಿದರೆ ಹಿಂದೆಯೇ ಬರುತ್ತದೆ, ಬೇಲಿಯೊಳಗೆ ಎರಡಕ್ಕೂ ಗೋಧಿ ತಿನ್ನಿಸಿದರೆ ಕರು ಹಾಕುತ್ತದೆ.

ಬೇಗ ಮುಂದೆ ಹೋಗುವುದೇ ಆಟವೆನ್ನುವ ಪಂಗಡಕ್ಕೆ ಇದು ಹಿಡಿಸುವುದಿಲ್ಲ. ಮೊದಲ ದಿನವೇ ವಜ್ರ ಎಂಬ ತಲೆಬರಹದ ವಿಡಿಯೊಗಳು ಎಣಿಕೆಗೆ ಸಿಗದಷ್ಟಿವೆ. ಅವರ ಲೆಕ್ಕ ನನಗೆ ಗೊತ್ತು. ಕೇಕ್ ಏಳು ತುತ್ತು, ತುತ್ತಿಗೆ ನೀಗುವ ಹಸಿವು ಅತ್ಯಲ್ಪ. ಅಷ್ಟೇ ಮೂರು ಗೋಧಿಯಲ್ಲಿ ಬ್ರೆಡ್ ಮಾಡಿದರೆ ಜೇಬಿನಲ್ಲಿಟ್ಟು ಒಯ್ಯಬಹುದು, ಕೇಕನ್ನು ಒಮ್ಮೆ ಇಟ್ಟರೆ ಮತ್ತೆ ಎತ್ತಲಾಗದು. ಎಲ್ಲವೂ ನಿಜ. ಸ್ಪೀಡ್‌ರನ್ ಆಡುವವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಹಾಸಿಗೆ ಸಿಡಿಸಿ ಎಂಡರ್ ಡ್ರ್ಯಾಗನ್ ಕೊಲ್ಲುವುದಕ್ಕೆ ಬೇಕಾದ ಲೆಕ್ಕಾಚಾರ, ಕೈಚಳಕ ಎರಡೂ ಅಪರೂಪದವು. ಅದು ಆಟವನ್ನು ಅರೆದು ಕುಡಿದವರ ಕಲೆ. ಅದನ್ನೇ ಒಂಬತ್ತು ವರ್ಷದ ಮಗುವಿನ ಮೊದಲ ಪಾಠವಾಗಿ ಬಡಿಸುವುದನ್ನು ನಾನು ಒಪ್ಪುವುದಿಲ್ಲ.

ಹಾಗೆ ಓಡಿಹೋಗಿ ವಜ್ರ ತಂದವರು ಮುಂದೆ ಎಲ್ಲಿ ಸಿಕ್ಕಿಬೀಳುತ್ತಾರೆ ಗೊತ್ತೆ? ಮಂತ್ರಶಕ್ತಿಯ ಮೇಜಿನ ಹತ್ತಿರ. ಅದಕ್ಕೆ ಎರಡು ವಜ್ರ, ನಾಲ್ಕು ಅಬ್ಸಿಡಿಯನ್ ಜೊತೆಗೆ ಒಂದು ಪುಸ್ತಕ ಬೇಕು. ಪುಸ್ತಕಕ್ಕೆ ಮೂರು ಕಾಗದ, ಒಂದು ತೊಗಲು. ಮೇಜಿನ ಶಕ್ತಿ ಪೂರ್ತಿ ಬರಬೇಕಾದರೆ ಸುತ್ತ 15 ಪುಸ್ತಕದ ಕಪಾಟು, ಕಪಾಟಿಗೆ ಮೂರರಂತೆ 45 ಪುಸ್ತಕ. ಕಾಗದ ಬರುವುದು ಕಬ್ಬಿನಿಂದ, ತೊಗಲು ಹಸುವಿನಿಂದ, ಹಸು ಹೆಚ್ಚುವುದು ಗೋಧಿಯಿಂದ. ಕೇಕ್ ಮಾಡಿದ ಹುಡುಗಿಯ ಹಿತ್ತಿಲಲ್ಲಿ ಇವೆಲ್ಲ ಆಗಲೇ ಬೆಳೆಯುತ್ತಿರುತ್ತವೆ. ವಜ್ರವಷ್ಟೇ ಹಿಡಿದು ಬಂದವನು ಆಗ ಬೀಜ ಆರಿಸಲು ಹೊರಡಬೇಕು.

ಆ ಮೂರು ಬಕೆಟ್‌ಗಳ ಕೆಲಸವೂ ಮುಗಿದಿಲ್ಲ. ವಜ್ರಕ್ಕೆ ಹೊರಡುವಾಗ ಒಂದರಲ್ಲಿ ನೀರು ತುಂಬಿಕೊಳ್ಳಿ. 2021ರ ನವೆಂಬರಿನಲ್ಲಿ 1.18 ಬಂದು ಲೋಕದ ತಳ ಸೊನ್ನೆಯಿಂದ ಮೈನಸ್ 64ಕ್ಕೆ ಇಳಿಯಿತು. ಹಳೆಯ ವಿಡಿಯೊಗಳು 11ನೇ ಮಟ್ಟದಲ್ಲಿ ಅಗೆಯಿರಿ ಎನ್ನುತ್ತಲೇ ಇವೆ. ಅಲ್ಲಿ ಈಗ ವಜ್ರ ಅಪರೂಪ, ಮೈನಸ್ 59ರ ಆಸುಪಾಸು ಹುಡುಕಬೇಕು. ಆ ಆಳದಲ್ಲಿ ಗುಹೆಗಳ ತಳವೆಲ್ಲ ಲಾವಾ. ಕಾಲ ಕೆಳಗಿನ ಬ್ಲಾಕನ್ನು ಎಂದೂ ಅಗೆಯಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ, ನೀರಿನ ಬಕೆಟ್ ಕೈಗೆ ಎಟಕುವಂತಿರಲಿ. ಲಾವಾ ಕಂಡರೆ ದೂರ ನಿಂತು ಅದರ ಮೇಲಕ್ಕೆ ಹರಿಯುವಂತೆ ನೀರು ಸುರಿಯಿರಿ, ನಿಂತ ಲಾವಾ ಅಬ್ಸಿಡಿಯನ್ ಆಗುತ್ತದೆ, ಆಮೇಲೆ ನೀರನ್ನು ಮತ್ತೆ ಬಕೆಟ್‌ಗೆ ತುಂಬಿಕೊಳ್ಳಬಹುದು. ವಜ್ರ ಒಡೆಯಲು ಕಬ್ಬಿಣದ ಪಿಕಾಸಿ ಸಾಕು, ಅಬ್ಸಿಡಿಯನ್‌ಗೆ ವಜ್ರದ್ದೇ ಬೇಕು, ಹಾಗಾಗಿ ಮೊದಲು ಸಿಗುವ ಮೂರು ವಜ್ರ ಪಿಕಾಸಿಗೇ ಮೀಸಲು. ಹತ್ತು ಅಬ್ಸಿಡಿಯನ್ ಕೂಡಿಟ್ಟರೆ ನೆದರ್ ಎಂಬ ಇನ್ನೊಂದು ಲೋಕದ ಬಾಗಿಲು ನಿಲ್ಲುತ್ತದೆ, ಮೂಲೆಯ ನಾಲ್ಕನ್ನು ಬಿಡಬಹುದು. ನೆದರ್‌ಗೆ ಹೋಗುವಾಗ ನೀರಿನ ಬಕೆಟನ್ನು ಪೆಟ್ಟಿಗೆಯಲ್ಲೇ ಇಟ್ಟು ಹೋಗಿ, ಅಲ್ಲಿ ಸುರಿದ ನೀರು ಆವಿಯಾಗಿಬಿಡುತ್ತದೆ. ಆ ಜಾಗದಲ್ಲಿ ಬ್ರೆಡ್ ತುಂಬಿಕೊಳ್ಳಿ.