ಎರೆಮಣ್ಣಿಗೆ ತಕ್ಕ ಪೆಡಲು

ಮಿರಗ ಮಳೆ ಬಿದ್ದ ಮರುದಿನ ಅಫಜಲಪುರದಿಂದ ದೇವಲ ಗಾಣಗಾಪುರದ ಕಡೆ ಹೊಲದ ದಾರಿ ಹಿಡಿದರೆ, ಸ್ವಲ್ಪ ದೂರದಲ್ಲೇ ಎರೆಮಣ್ಣು ಗಾಲಿ, ಚಪ್ಪಲಿ, ಪೆಡಲು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಆಳಂದ, ಜೇವರ್ಗಿಯ ತೊಗರಿ ಹೊಲಗಳಲ್ಲೂ ಇದೇ ಕಥೆ. ಆದ್ದರಿಂದ ಪೆಡಲು ಆರಿಸುವಾಗ ನಾನು ಮೊದಲು ನೋಡುವುದು ತೆರಪು. ನಡುವೆ ದೊಡ್ಡ ಕಿಂಡಿಗಳಿದ್ದರೆ ತುಳಿದಂತೆಲ್ಲ ಕೆಸರು ಕೆಳಗೆ ಉದುರುತ್ತದೆ. ಅಗಲ ಸುಮಾರು 10 ಸೆಂ.ಮೀ. ಇದ್ದರೆ ಪಾದಕ್ಕೆ ಹಾಯೆನಿಸುತ್ತದೆ.

ಮೊಳೆಯಂಥ ಪಿನ್ನುಗಳಿರುವ ಪೆಡಲು ಗಟ್ಟಿ ಅಟ್ಟೆಯ ಬೂಟಿಗೆ ಒಳ್ಳೆಯದು. ರಬ್ಬರ್ ಚಪ್ಪಲಿಯನ್ನು ಅದು ತಿಂದುಹಾಕುತ್ತದೆ, ಕಾಲು ಜಾರಿದರೆ ಮುಂಗಾಲು ಸುಲಿಯುತ್ತದೆ. ಚಪ್ಪಲಿಯಲ್ಲೇ ತುಳಿಯುವವರಿಗೆ ಮೊಂಡು ಗುಬುಟುಗಳಿರುವ ನೈಲಾನ್ ಪೆಡಲೇ ವಾಸಿ. 42 ಡಿಗ್ರಿಯ ಬಿಸಿಲಲ್ಲಿ ನಿಲ್ಲಿಸಿದ ಅಲ್ಯೂಮಿನಿಯಂ ಪೆಡಲಿಗೆ ಬರಿಗಾಲು ತಾಗಿಸಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯ, ಪೆಡಲನ್ನು ಬಿಚ್ಚಲು ಬರಬೇಕು. ಮುಚ್ಚಿದ ಬೇರಿಂಗು ಕೆಟ್ಟರೆ ಅದೇ ಅಳತೆಯದನ್ನು ಹುಡುಕಿಕೊಂಡು ಕಲಬುರಗಿಗೋ ಇನ್ನೂ ದೂರಕ್ಕೋ ಹೋಗಬೇಕು. ಬಿಡಿ ಗುಂಡುಗಳ ಪೆಡಲಾದರೆ ಮನೆಯಂಗಳದಲ್ಲೇ ಕೆಲಸ ಮುಗಿಯುತ್ತದೆ. 2006–07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಗೆ ಸಿಕ್ಕ ಹಳೆಯ ಸೈಕಲ್ಲು ಮನೆಯಲ್ಲಿದ್ದರೆ, ಅದರಲ್ಲೇ ಕೈ ಪಳಗಿಸಿಕೊಳ್ಳಿ.

ಬಿಚ್ಚಲು ಸಾಮಾನ್ಯವಾಗಿ 15ರ ಪಾನಾ ಬೇಕು. ಎಡಗಡೆಯ ಪೆಡಲಿನ ಮರೆ ಉಲ್ಟಾ. ತುಳಿಯುವಾಗ ತಾನಾಗಿ ಸಡಿಲಾಗದಿರಲೆಂದೇ ಹಾಗೆ ಮಾಡಿರುತ್ತಾರೆ. ಇದು ತಿಳಿಯದೆ ಬಲವಾಗಿ ತಿರುವಿ ಒಂದು ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆಯನ್ನೇ ಕಿತ್ತಿದ್ದೆ. ಆ ಬೇಸರ ಇಂದಿಗೂ ಹೋಗಿಲ್ಲ. ಪಾನಾವನ್ನು ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಹಾಕಿ, ಹಿಂದಿನ ಗಾಲಿಯತ್ತ ಎಳೆದರೆ ಎರಡೂ ಕಡೆ ಸಡಿಲಾಗುತ್ತದೆ, ಮುಂದಿನ ಗಾಲಿಯತ್ತ ತಳ್ಳಿದರೆ ಬಿಗಿಯಾಗುತ್ತದೆ. ಮತ್ತೆ ಕೂರಿಸುವಾಗ ಮರೆಗೆ ಗ್ರೀಸು ಹಚ್ಚದಿದ್ದರೆ ತುಕ್ಕು ಹಿಡಿದು, ಮುಂದಿನ ಸಲ ಮಣಿಯುವುದೇ ಇಲ್ಲ.

ಗುಂಡು ತೆಗೆಯುವ ಮೊದಲು ಕೆಳಗೆ ಬಿಳಿ ಬಟ್ಟೆ ಹಾಸಿ, ಎರಡೂ ತುದಿಯವನ್ನು ಬೇರೆ ಬೇರೆ ಎಣಿಸಿಡಿ. ಹೆಚ್ಚಿನ ಪೆಡಲುಗಳಲ್ಲಿ ಇವು 5/32 ಇಂಚಿನವು. ಸೀಮೆಎಣ್ಣೆಯಲ್ಲಿ ತೊಳೆದು, ಕಪ್ಪಿಗೆ ಹೊಸ ಗ್ರೀಸು ತುಂಬಿ, ಅದಕ್ಕೇ ಗುಂಡುಗಳನ್ನು ಅಂಟಿಸುತ್ತ ಕೂರಿಸಿ. ಕೋನು ಬಿಗಿಯುವುದೇ ಸೂಕ್ಷ್ಮ. ಲಾಕ್‌ನಟ್ಟು ಬಿಗಿಯುವಾಗ ಕೋನೂ ಒಂಚೂರು ತಿರುಗುತ್ತದೆ, ಎರಡು ಮೂರು ಸಲ ಸರಿಪಡಿಸಲೇಬೇಕು. ಬೆರಳಿನಿಂದ ತಿರುವಿದರೆ ಗರಗರ ಅನ್ನಬಾರದು, ಹಿಡಿದು ಅಲುಗಿಸಿದರೆ ಲೊಡಲೊಡ ಅನ್ನಬಾರದು. ಆಮೇಲೆ ತುದಿಯ ಮುಚ್ಚಳ ಹಾಕಿ. ಅದಿಲ್ಲದ ಪೆಡಲಿನೊಳಗೆ ನಮ್ಮ ಎರೆಮಣ್ಣು ನುಗ್ಗಲು ಒಂದೇ ಮಳೆ ಸಾಕು.