ವೀರಗಾಸೆಯ ಕತ್ತಿ
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ವೀರಗಾಸೆ ಬಂತೆಂದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ದಕ್ಷಯಜ್ಞ ಕೆಡಿಸಲು ಶಿವನ ಜಟೆಯಿಂದ ಹುಟ್ಟಿದ ವೀರಭದ್ರನ ಕುಣಿತವಿದು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಬಲಗೈಯಲ್ಲಿ ಕತ್ತಿ. ಕಲಾವಿದರು ಏರುದನಿಯಲ್ಲಿ ಒಡಪು ಹೇಳಿ ಮುಗಿಸಿದ್ದೇ ತಡ, ಸಂಬಾಳ, ಕರಡೆ ವಾದ್ಯಗಳು ಮೊಳಗುತ್ತವೆ, ಗೆಜ್ಜೆಗಾಲು ನೆಲ ಗುದ್ದುತ್ತದೆ. ಕತ್ತಿ ಗಾಳಿ ಸೀಳಿ ತಿರುಗಿದರೂ ಪಕ್ಕದವರಿಗೆ ಸೋಕದು. ಆ ಹಿಡಿತ ವರ್ಷಗಟ್ಟಲೆಯ ಸಾಧನೆಯ ಫಲ.

ಧರ್ಮ, ಶೌರ್ಯ ಎರಡೂ ಕೂಡಿದ ಪಾತ್ರಗಳು ಇಂದಿನ ಆಟಗಳಲ್ಲೂ ಇವೆ. 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಪಾತ್ರಾಭಿನಯದ ಆಟಕ್ಕೆ 1975ರಲ್ಲಿ ಸನ್ಯಾಸಿ ಯೋಧನ ಪಾತ್ರ ಸೇರಿತು. ಚೂರಿ ಎಸೆಯುವ ಸನ್ಯಾಸಿಯಂಥ ಹೊಸ ಬಗೆಗಳನ್ನು ಆಟಗಾರರು ಈಗಲೂ ಕಟ್ಟುತ್ತಾರೆ. ನಮ್ಮ ಹುಡುಗ ಹುಡುಗಿಯರು ಅಂಥ ಪಾತ್ರ ಕಟ್ಟುವ ಮೊದಲು ವೀರಗಾಸೆಯನ್ನು ಕಣ್ತುಂಬ ನೋಡಲಿ. ಆಯುಧ ಹಿಡಿದೂ ಯಾರನ್ನೂ ನೋಯಿಸದ ಶೌರ್ಯ ಇಲ್ಲಿದೆ. ಭಕ್ತಿಯೇ ಅದರ ಬಲ.