ಕನ್ನಡಿ ಏಳುವ ಸದ್ದು
ಡಿಎಸ್‌ಎಲ್‌ಆರ್ ಕ್ಯಾಮೆರಾ ಕಲಿಯಲು ಮುಂಬೈಯಲ್ಲಿ ಶಿವಡಿಯ ಕೆಸರುಬಯಲಿನಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಭರತ ಏರಿದಂತೆ ಫ್ಲೆಮಿಂಗೊಗಳು ದಡದತ್ತ ಸರಿಯುತ್ತವೆ. ಅವುಗಳತ್ತ ಕ್ಯಾಮೆರಾ ತಿರುಗಿಸಿದರೆ ವ್ಯೂಫೈಂಡರಿನಲ್ಲಿ ಕಾಣುವುದು ಪರದೆಯ ಚಿತ್ರವಲ್ಲ, ಲೆನ್ಸಿನೊಳಗೆ ಬಂದ ಬೆಳಕೇ. 45 ಡಿಗ್ರಿ ಓರೆಯ ಕನ್ನಡಿ, ಮೇಲಿನ ಪಟ್ಟಕ ಅದನ್ನು ಕಣ್ಣಿಗೆ ತಲುಪಿಸುತ್ತವೆ. ಗುಂಡಿ ಒತ್ತಿದರೆ ಕನ್ನಡಿ ಏಳುತ್ತದೆ, ಶಟರ್ ಸರಿಯುತ್ತದೆ, ಕನ್ನಡಿ ಇಳಿಯುತ್ತದೆ. ಎಲ್ಲ ಒಂದೇ 'ಟಕ್'! ತಮಾಷೆಯೆಂದರೆ, ಚಿತ್ರ ಮೂಡುವ ಆ ಕ್ಷಣವನ್ನು ಮಾತ್ರ ತೆಗೆಯುವವರು ಕಾಣುವುದಿಲ್ಲ.

ಚೌಕಟ್ಟಿನ ತುಂಬ ಬಿಳಿಗರಿಗಳಿದ್ದರೆ ಬೆಳಕಿನ ಮೀಟರ್ ಅವನ್ನು ಬೂದುಬಣ್ಣಕ್ಕೆ ಎಳೆಯುತ್ತದೆ. ಎಕ್ಸ್‌ಪೋಷರ್ ಚಕ್ರವನ್ನು ಪ್ಲಸ್ ಕಡೆಗೆ ತುಸು ತಿರುಗಿಸಿ, ರೆಕ್ಕೆಯಂಚಿನ ತಿಳಿಗುಲಾಬಿ ಅರಳುತ್ತದೆ. ಆ ಪುಟ್ಟ ಚಕ್ರಕ್ಕೆ ನನ್ನ ನಮಸ್ಕಾರ. ಹಾರ್ಬರ್ ಲೈನಿನಲ್ಲಿ ಶಿವಡಿಗೆ ಇಳಿಯಿರಿ. ಹೊರಡುವ ಮುನ್ನ ಭರತದ ವೇಳೆ ನೋಡಿಕೊಳ್ಳಿ.